ಮಸರಕಲ್ಲಿಗೆ ಒಂದು ಮನೆ ಕಡಿಮೆ

ಹೆಸರು ಹಿಡಿದು ಕರೆಯುವವರಿಲ್ಲದ ಊರಿನಲ್ಲಿ ಮನುಷ್ಯನಿಗೆ ತನ್ನ ಹೆಸರು ಎಷ್ಟುದ್ದ ಎಂಬುದೇ ಮರೆತುಹೋಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ, ಹೆಂಡತಿ ತೀರಿಕೊಂಡ ಮೇಲೆ, ಮಾನ್ವಿಯ ಮನೆಗೆ ಬೀಗ ಹಾಕಿ ರಾಯಚೂರಿನ ಬಾಡಿಗೆ ಕೋಣೆ ಸೇರಿದ ನನ್ನ ಸ್ಥಿತಿ ಅದೇ ಆಗಿತ್ತು. ಕುರಿಗಳ ಲಸಿಕೆ ಹಂಚುವ ಖಾಸಗಿ ಕಚೇರಿಯೊಂದರಲ್ಲಿ ನಾನೂ ಒಂದು ಕಂಪ್ಯೂಟರೂ ದಿನವಿಡೀ ಎದುರುಬದುರು ಕೂರುತ್ತಿದ್ದೆವು. ಇಬ್ಬರಲ್ಲಿ ಯಾರು ಹೆಚ್ಚಿನ ಮೌನವ್ರತಿ ಎಂದು ಹೇಳುವುದು ಕಷ್ಟವಿತ್ತು. ಫ್ಯಾನಿನ ಗಾಳಿ ಮಾತ್ರ ಕಂಪ್ಯೂಟರಿಗೇ ಮೀಸಲು.

ಒಂದು ಬೆಳಿಗ್ಗೆ ಮಸರಕಲ್‌ನ ಕುರಿಗಾಹಿ ಮುದುಕಿ ಹನುಮವ್ವ ಸೀದಾ ಒಳಗೆ ಬಂದಳು.

"ಯಪ್ಪಾ, ಕುರಿ ಒಂದೊಂದಾ ಬೀಳಾಕತ್ತಾವ. ಔಷಧ ಕಳಿಸೇವಿ ಅಂತೀರಿ, ನಮ್ಮೂರಿಗೆ ಬಂದಾ ಇಲ್ಲ. ಎಲ್ಲಿ ಹೋತ್ರಿ?"

ಲಸಿಕೆಯ ಪೆಟ್ಟಿಗೆ ಮಟಮಾರಿಗೆ ಹೋಗಿತ್ತು. ಕಂಪ್ಯೂಟರ್ ಮುದ್ರಿಸಿದ ಚೀಟಿಯಲ್ಲಿ ಎರಡೂ ಊರಿನ ಹೆಸರುಗಳು ಬೆಸೆದುಕೊಂಡಿದ್ದವು. ಡ್ರೈವರ್ ಕೊನೆಯ ಹೆಸರನ್ನು ನಂಬಿದ್ದ. ಫ್ರಿಜ್ಜಿನಲ್ಲಿದ್ದ ಇನ್ನೊಂದು ಪೆಟ್ಟಿಗೆಯನ್ನು ತೆಗೆಸಿ, ಜೀಪು ಬರುವ ತನಕ ಪ್ರೋಗ್ರಾಂ ಬಿಚ್ಚಿ ನೋಡಿದೆ. ಹೈದರಾಬಾದಿನವರೊಬ್ಬರು ಬರೆದುಕೊಟ್ಟಿದ್ದ ಅದರಲ್ಲಿ ಪ್ರತಿ ಊರಿನ ಹೆಸರಿಗೆ, ಅಕ್ಷರಕ್ಕೊಂದರಂತೆ, ಎಂಟೇ ಮನೆ. ಇಂಗ್ಲಿಷಿನಲ್ಲಿ MASARKAL ಎಂದು ಬರೆಯುವ ಮಸರಕಲ್‌ಗೆ ಎಂಟೂ ಅಕ್ಷರ ಬೇಕು. ಹೆಸರು ಮುಗಿಯಿತೆಂದು ಯಂತ್ರಕ್ಕೆ ತಿಳಿಸುವ ಸೊನ್ನೆಗೆ ಒಂಬತ್ತನೆಯ ಮನೆಯೇ ಇರಲಿಲ್ಲ. ನಿಲ್ಲೆನ್ನುವವರಿಲ್ಲದೆ ಯಂತ್ರ ಪಟ್ಟಿಯಲ್ಲಿ ಪಕ್ಕದಲ್ಲಿದ್ದ ಮಟಮಾರಿಯನ್ನೂ ಓದಿಬಿಟ್ಟಿತ್ತು.

ಮನೆಗಳನ್ನು ಹೆಚ್ಚಿಸಿದೆ, ಹೆಸರನ್ನು ಮೊದಲು ಅಳೆದು, ಸೊನ್ನೆಗೂ ಜಾಗ ಉಳಿದರೆ ಮಾತ್ರ ಒಪ್ಪಿಕೊಳ್ಳುವಂತೆ ಬರೆದೆ. ಈ ಆನಂದವನ್ನು ಹೇಳಿಕೊಳ್ಳಲು ಹನುಮವ್ವನ ಹೊರತು ಯಾರೂ ಇರಲಿಲ್ಲ. ಆಕೆಗೇ ಎಲ್ಲವನ್ನೂ ಸವಿಸ್ತಾರವಾಗಿ ಬಿತ್ತರಿಸಿದೆ.

"ಏನೂ ಇಲ್ಲದ ಸೊನ್ನಿಗೂ ಒಂದು ಮನಿ ಬೇಕೇನ್ರಿ?" ಎಂದಳು.

"ಬೇಕು ಯವ್ವಾ. ಇಲ್ಲಂದ್ರ ಹೆಸರು ಎಲ್ಲಿ ಮುಗೀತದ ಅನ್ನೂದು ತಿಳಿಯೂದಿಲ್ಲ," ಎಂದೆ. ಹೇಳಿದ ಮೇಲೆ, ಬೀಗ ಹಾಕಿದ ಮಾನ್ವಿಯ ಮನೆ ಕಣ್ಣ ಮುಂದೆ ಬಂತು.

ಆಕೆ ನನ್ನ ಮುಖ ನೋಡಿದಳು. "ಮನ್ಯಾಗ ಯಾರದಾರ್ರೀ?"

"ಯಾರೂ ಇಲ್ಲ."

"ಅದಕ್ಕಾ ಇಷ್ಟು ಮಾತು ಕೂಡಿಬಿದ್ದಾವ. ಜೀಪಿನ್ಯಾಗ ನೀವೂ ಬರ್ರಿ."

ಹೋದೆ. ಲಸಿಕೆ ಹಾಕುವವನಿಗಾಗಿ ಕುರಿಗಳ ಕಾಲು ಹಿಡಿಯಲು ಹೋಗಿ, ನಾನೇ ಹಲವು ಸಲ ಕುರಿಗಳ ಕಾಲಿಗೆ ಬಿದ್ದೆ. ಮೊದಲೇ ರೋಗಕ್ಕೆ ಬಿದ್ದಿದ್ದ ಕುರಿಗಳು ಏಳಲಿಲ್ಲ. ಹಿಂಡಿನ ಬಹುಪಾಲು ಉಳಿಯಿತು. ಸಂಜೆ ಹನುಮವ್ವ ಬಿಸಿರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿಕೊಟ್ಟು, "ಔಷಧ ಇಲ್ದಿದ್ರೂ ಬರ್ರಿ," ಎಂದಳು.

ಮುಂದಿನ ವಾರ ಕಳಿಸಲು ಔಷಧವಿರಲಿಲ್ಲ. ಮಸರಕಲ್ ಮೇಲೆ ಹೋಗುವ ದೇವದುರ್ಗದ ಬಸ್ಸು ಹತ್ತಿದೆ.