ಸಿಡಿಲಿನ ಮಳೆ ಹಿಡಿಯೋಕೆ ಬಂದವಳು

ಗುಡುಗು ಅಂದರೆ ಈಗಲೂ ನನಗೆ ಹೆದರಿಕೆ. ಮುಚ್ಚಿಟ್ಟು ಏನಾಗಬೇಕು? ನನ್ನ ಗಂಡ ಸತ್ತಿದ್ದು ಸಿಡಿಲು ಬಡಿದು. ತಮಿಳು ಸೀಮೇಲಿ, ಆಂಡಿಪಟ್ಟಿ ಕಡೆ ನಮಗೆ ಮಳೆ ನಂಬಿದ ಹೊಲ ಇತ್ತು. ಜೋಳ ನೋಡಿ ಬರ್ತೀನಿ ಅಂತ ಹೋದವನು, ಮಳೆ ಬಂತು ಅಂತ ಬೇವಿನ ಮರದ ಕೆಳಗೆ ನಿಂತ. ತಂದು ಮಲಗಿಸಿದಾಗ ಹೆಗಲ ಮೇಲಿನ ಟವೆಲ್ಲು ಸಹ ಪೂರ್ತಿ ಸುಟ್ಟಿರಲಿಲ್ಲ. ಮನುಷ್ಯ ಮಾತ್ರ ಇರಲಿಲ್ಲ. ಅವತ್ತಿಂದ ಗುಡುಗು ಶುರುವಾದರೆ ನಾನು ಹೊಸ್ತಿಲು ದಾಟಲ್ಲ.

ಅಂಥ ಮನೇಲಿ ಹುಟ್ಟಿದ ನನ್ನ ಮೊಮ್ಮಗಳು, ಮಗನ ಮಗಳು, ಯೂನಿವರ್ಸಿಟಿಯಲ್ಲಿ ಓದೋದು ಮೋಡ. ಮೋಡ ಹೇಗೆ ಕಟ್ಟುತ್ತೆ, ಗಾಳೀಲಿ ಏನೇನು ಬೆರೆತಿರುತ್ತೆ, ಅದು. ನರ್ಸಿಂಗ್ ಓದು, ಟೀಚರ್‌ಗೆ ಓದು ಅಂದೆ. ಕೇಳಿದರೆ ತಾನೆ. ದಿಂಡಿಗಲ್‌ನಿಂದ ಬತ್ತಲಗುಂಡು ದಾರಿಯ ಬಸ್ಸು ಹತ್ತಿ ಬಂದಾಗೆಲ್ಲ ಬ್ಯಾಗಲ್ಲಿ ಬಟ್ಟೆಗಿಂತ ಬಾಟಲಿಗಳೇ ಜಾಸ್ತಿ.

ಅವಳು ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು ಇಷ್ಟು. ನೀರಿನ ಆವಿ ತಾನಾಗಿ ಹನಿ ಆಗಲ್ಲವಂತೆ. ಅದಕ್ಕೆ ಕೂರೋಕೆ ಒಂದು ಧೂಳಿನ ಕಣ ಬೇಕಂತೆ. ಹೊಗೆ, ಉಪ್ಪು, ಮಣ್ಣು, ಏನಾದರೂ. ನಮ್ಮ ಒಲೆಯ ಹೊಗೆಯೂ ಹೋಗಿ ಮೋಡದ ಹೊಟ್ಟೆ ಸೇರಬಹುದಂತೆ.

"ಹಂಗಾದರೆ ನಾನು ಅಡುಗೆ ಮಾಡಿದ್ದಕ್ಕೇ ಮಳೆ ಬರ್ತಿದೆ ಅನ್ನು," ಅಂದೆ.

"ನೀನು ಮೆಣಸಿನಕಾಯಿ ಹುರಿಯೋ ಘಾಟಿಗೆ ಮೋಡ ಕಂಬಂ ಪೇಟೆ ದಾಟಿ ಓಡಿಹೋಗುತ್ತೆ, ಅಜ್ಜಿ."

ನಕ್ಕೆ. ಆಮೇಲೆ ಹೇಳಿದ್ದಕ್ಕೆ ನಗು ಬರಲಿಲ್ಲ. ಸಿಡಿಲಿನ ಕಾವಿಗೆ ಗಾಳಿ ಒಡೆದು, ಹೊಲಕ್ಕೆ ಹಾಕೋ ಗೊಬ್ಬರದಂಥದ್ದು ಹುಟ್ಟಿ, ಮಳೆ ಜೊತೆ ಇಳಿಯುತ್ತಂತೆ. ಬರೀ ಮಳೇಲಿ ಅದೆಷ್ಟು, ಸಿಡಿಲಿನ ಮಳೇಲಿ ಎಷ್ಟು ಅಂತ ಅಳೆಯೋದೇ ಅವಳ ಓದು. ಬರೀ ಮಳೆ ಹಿಡಿದಾಗಿತ್ತು. ಇನ್ನು ಸಿಡಿಲಿನದು ಬೇಕು, ಅದೂ ಮೊದಲ ಹನಿಯಿಂದ. ಅದು ಸಿಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತೆ. ಮಾರ್ಕಯನ್‌ಕೋಟ್ಟೈ ಪಕ್ಕದ ನಮ್ಮೂರಲ್ಲಿ ಪೇಟೆ ಹೊಗೆ ಕಡಿಮೆ ಅಂತ ಇಲ್ಲಿಗೇ ಬಂದಳು.

"ನಿನ್ನ ತಾತನ್ನ ಕೊಂದದ್ದನ್ನ ಬಾಟಲೀಲಿ ಹಿಡೀತೀಯಾ?"

"ನಾನು ಹಿಡಿಯದೆ ಬಿಟ್ಟರೆ ಅದು ಬೀಳೋದು ಬಿಡುತ್ತಾ?" ಅಂದಳು. ಬಾಯಿ ನನ್ನದೇ.

ತಾರಸಿ ಮೇಲೆ ಒಂದು ಡಬ್ಬಿ ಇಟ್ಟಳು. ಧೂಳು, ಹಕ್ಕಿ ಹಿಕ್ಕೆ ಬೀಳದ ಹಾಗೆ ಅದಕ್ಕೊಂದು ಮುಚ್ಚಳ. ಮೊದಲ ಹನಿ ಬಿದ್ದರೆ ತಾನೇ ತೆರೆಯುತ್ತೆ, ತೆರೆದದ್ದು ಅವಳ ಫೋನಿಗೆ ಗೊತ್ತಾಗುತ್ತೆ. "ಗುಡುಗು ಕಿವಿಗೆ ಬಿದ್ದ ಮೇಲೆ ಯಾರೂ ಮೇಲೆ ಹೋಗಬಾರದು. ಇದು ನಮ್ಮ ಮೇಡಂ ಕಟ್ಟಳೆ," ಅಂತ ನನಗೇ ಪಾಠ ಹೇಳಿದಳು.

ನಮ್ಮ ಕಟ್ಟಳೆ ಬೇರೆ. ಮೋಡ ಗುಡುಗೋ ಹಾಗಿದ್ದರೆ ಅಂಗಳದ ಮಣ್ಣಲ್ಲಿ ಕಡಪಾರೆ ನೆಡಬೇಕು. ಕಡಪಾರೆ ಅಂದರೆ ಗುಂಡಿ ತೋಡೋ ಕಬ್ಬಿಣದ ಹಾರೆ. ಸಿಡಿಲು ಮನೆ ಬಿಟ್ಟು ಕಬ್ಬಿಣಕ್ಕೆ ಇಳಿಯಲಿ ಅಂತ ನಮ್ಮತ್ತೆ ನೆಡುತ್ತಿದ್ದಳು, ನಾನೂ ನೆಟ್ಟೆ. ಈಗ ಮಗ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿದ್ದಾನೆ. ಮೇಘಮಲೈ ಬೆಟ್ಟದ ಮೇಲೆ ಮೋಡ ಕಪ್ಪಾದ ಆ ಮಧ್ಯಾಹ್ನ ಮನೇಲಿ ಹಿಡಿ ಮಣ್ಣು ಇದ್ದದ್ದು ತಾರಸಿಯ ಕರಿಬೇವಿನ ತೊಟ್ಟಿಯಲ್ಲಿ ಮಾತ್ರ. ಗುಡುಗು ಇನ್ನೂ ಶುರುವಾಗಿರಲಿಲ್ಲ. ಮೊಮ್ಮಗಳು ಒಳಗೆ ಮಲಗಿದ್ದಳು. ಮಂಡಿ ಹಿಡಕೊಂಡು ಹತ್ತಿ, ಕಡಪಾರೆ ತೊಟ್ಟಿಗೆ ನೆಟ್ಟು ಇಳಿದೆ. ಪಕ್ಕದಲ್ಲೇ ಅವಳ ಡಬ್ಬಿ. ಮಗುವಿನ ಕೆಲಸಕ್ಕೂ ಕಾವಲಾಯ್ತು ಅಂದುಕೊಂಡೆ.

ಗಾಳಿ ಬಂತು. ಗುಡುಗಿತು. ದಪ್ಪ ಹನಿ ಬಿದ್ದವು. ಅವಳು ಫೋನ್ ನೋಡಿದಳು, ಮತ್ತೆ ನೋಡಿದಳು.

"ಮುಚ್ಚಳ ತೆರೆದಿಲ್ಲ!"

ಮೆಟ್ಟಿಲ ಕಡೆ ಓಡಿದಳು. ಈ ವಯಸ್ಸಲ್ಲಿ ನನಗೆ ಅಷ್ಟು ಜೋರು ಎಲ್ಲಿಂದ ಬಂತೋ, ಅವಳಿಗಿಂತ ಮುಂಚೆ ಹೋಗಿ ಮೆಟ್ಟಿಲ ತುದಿಯ ಸರಳಿನ ಬಾಗಿಲಿಗೆ ಅಡ್ಡ ಕೂತೆ.

"ವಳಿ ವಿಡು, ಅಜ್ಜಿ!" ದಾರಿ ಬಿಡು ಅಂತ. ಕೋಪ ಬಂದರೆ ಅವಳ ಬಾಯಿಗೆ ತಮಿಳೇ ಬರೋದು.

"ನಿನ್ನ ಮೇಡಂ ಕಟ್ಟಳೆ ಏನಾಯ್ತು?"

"ಒಂದೇ ನಿಮಿಷ. ಮುಚ್ಚಳ ಎತ್ತಿ ಬಂದುಬಿಡ್ತೀನಿ."

"ನಿನ್ನ ತಾತನೂ ಮಳೆ ನಿಲ್ಲೋ ತನಕ ಅಂತಲೇ ನಿಂತದ್ದು."

ನನ್ನ ತಲೆ ಮೇಲಿಂದ ಬಗ್ಗಿ ಬಾಗಿಲ ಸರಳಿನಾಚೆ ನೋಡಿದಳು. ಗಾಳಿಗೆ ಕಡಪಾರೆ ವಾಲಿ ಡಬ್ಬಿಯ ಮುಚ್ಚಳದ ಮೇಲೆ ಒರಗಿತ್ತು.

"ಅದನ್ನ ಯಾರು ಇಟ್ಟದ್ದು?"

"ನಾನೇ. ನಿನಗೋಸ್ಕರ."

"ಸಿಡಿಲಿಗೆ ಏಣಿ ಹಾಕಿದ್ದೀಯಲ್ಲೇ ಕಿಳವಿ! ನನ್ನ ಡಬ್ಬಿಗೆ ಬೀಗಾನೂ ಹಾಕಿದ್ದೀಯ!" ಮುದುಕಿ ಅಂದಳು ನನ್ನ, ತಮಿಳಲ್ಲಿ.

ಅವಳು ಹೋಗಿದ್ದರೆ ಮೊದಲು ಮುಟ್ಟಬೇಕಾಗಿದ್ದದ್ದು ಆ ಕಬ್ಬಿಣವನ್ನೇ. ಅವಳ ಕಾಲನ್ನ ಎರಡೂ ಕೈಯಲ್ಲಿ ತಬ್ಬಿ ಹಿಡಿದೆ. ಒದ್ದರೂ ಬಿಡ್ತಿರಲಿಲ್ಲ.

ಆಗ ಬಿತ್ತು. ನಮ್ಮ ತಾರಸಿಗಲ್ಲ, ಹಿಂದಿನ ಮನೆಯ ತೆಂಗಿನ ಮರಕ್ಕೆ. ಮೊದಲು ಬಿಳುಪು, ಆಮೇಲೆ ಸದ್ದು, ಅಲ್ಲ, ಎರಡೂ ಒಟ್ಟಿಗೇ. ಸಿಡಿಲಿಗೆ ಅರ್ಜುನಾ ಅಂತ ಕೂಗೋದು ರೂಢಿ, ಅದಕ್ಕೂ ಬಾಯಿ ಬರಲಿಲ್ಲ. ಮೊಮ್ಮಗಳು ನನ್ನ ಮೇಲೇ ಬಿದ್ದಿದ್ದಳು. ಕಣ್ಣು ಬಿಟ್ಟರೆ ಮಳೇಲೇ ಮರದ ಸುಳಿ ಹೊಗೆಯಾಡುತ್ತಿತ್ತು. ಅವಳ ಹಲ್ಲು ಕಟಕಟ ಅನ್ನೋದು ನನಗೆ ಕೇಳುತ್ತಿತ್ತು. ನನಗೂ ಹಲ್ಲಿದ್ದಿದ್ದರೆ ಅವೂ ಅಂತಿದ್ದವು.

ಆ ಮಳೆ ಪೂರ್ತಿ ಹೋಯಿತು. ಒಂದು ಹನಿ ಸಿಗಲಿಲ್ಲ. ರಾತ್ರಿ ಅರ್ಧ ಊಟಕ್ಕೇ ಎದ್ದಳು ಅವಳು. ನಾನು ಸಮಾಧಾನ ಹೇಳೋಕೆ ಹೋಗಲಿಲ್ಲ. ಜೀವ ಇದೆ, ಓದು ಆಮೇಲೆ.

ರಜೆ ಜಾಸ್ತಿ ಕೇಳಿ ಉಳಿದಳು. ಕಡಪಾರೆಯನ್ನ ನನ್ನ ಮಂಚದ ಕೆಳಗೆ ತಳ್ಳಿ, "ಮುಟ್ಟಿದರೆ ನೋಡು," ಅಂದಳು. ಮತ್ತೆ ಸಿಡಿಲಿನ ಮೋಡ ಬಂದಾಗ ಇಬ್ಬರೂ ಒಳಗೆ ಕೂತೆವು. ಫೋನು ಕುಯ್ ಅಂತು, ಮುಚ್ಚಳ ತೆರೆದಿತ್ತು. ಒಂದೊಂದು ಗುಡುಗಿಗೂ ನಾನು ಅವಳ ಕೈ ಅಮುಕಿದೆ, ಅವಳು ನನ್ನದು. ಗುಡುಗು ಪೂರ್ತಿ ಅಡಗಿದ ಮೇಲೂ ಬಹಳ ಹೊತ್ತು ನಾನು ಬಿಡಲಿಲ್ಲ. ಆಮೇಲೆ ಹೋಗಿ ಬಾಟಲಿ ತುಂಬಿ ತಂದಳು.

ಬೆಳಕಿಗೆ ಹಿಡಿದು ನೋಡಿದೆ. ಬರೀ ನೀರು.

"ಫ್ರಿಜ್ಜಲ್ಲಿ ಇಡ್ತೀನಿ, ಅಜ್ಜಿ."

"ಮೊಸರಿನ ಪಕ್ಕ ಇಡಬೇಡ."

ಬಸ್ಸಿಗೆ ಹೊರಡೋವಾಗ ಹೇಳಿದಳು, ಇನ್ನೊಂದು ಡಬ್ಬಿ ಮೇಘಮಲೈ ಮೇಲೆ ಇಡಬೇಕಂತೆ, ತಾನೂ ಮಳೆಗಾಲ ಪೂರ್ತಿ ಅಲ್ಲೇ ಇರಬೇಕಂತೆ. ನಾನೂ ಬರ್ತೀನಿ, ಬಾಗಿಲಲ್ಲಿ ಕೂರ್ತೀನಿ ಅಂದೆ.

"ಅಲ್ಲಿ ಬಾಗಿಲೆಲ್ಲಿ ಅಜ್ಜಿ? ಡಬ್ಬಿ ಇಡೋದು ಬಯಲಲ್ಲಿ."

ನಗ್ತಾ ಹೇಳಿದಳು. ಈಗ ಮಳೆಗಾಲ, ಅವಳು ಅಲ್ಲೇ ಇದ್ದಾಳೆ. ಬೆಳಗ್ಗೆ ಎದ್ದ ತಕ್ಷಣ ನಾನು ನೋಡೋದು ಮೇಘಮಲೈ ತಲೆಯನ್ನ. ಇವತ್ತು ಮೋಡ ಕವಿದು ಅದು ಕಾಣಿಸುತ್ತಿಲ್ಲ.