ಅವ್ವನ ಕೀಬೋರ್ಡಿನ ಟಿಕಳಿಗಳು

ನನ್ನ ಹಳೆಯ ಲ್ಯಾಪ್‌ಟಾಪಿನ ಕೀಬೋರ್ಡಿನ ಮೇಲೆ ನಾಲ್ಕು ಟಿಕಳಿಗಳು ಅಂಟಿಕೊಂಡಿದ್ದವು. ಹಣೆಗೆ ಹಚ್ಚಿಕೊಳ್ಳುವ ಅವೇ ಕೆಂಪು ಟಿಕಳಿಗಳು, ಗೋವೆಯಲ್ಲಿ ನಾವಿರುವ ಕುಡಚಡೆಯ ಪೇಟೆಯಲ್ಲಿ ಚೀಟಿಗಟ್ಟಲೆ ಸಿಗುವಂಥವು. ನಿಮ್ಮ ಮನೆಯಲ್ಲಿ ನಮ್ಮ ಅವ್ವನಂಥ ಹೆಂಗಸೊಬ್ಬಳಿದ್ದರೆ ನಿಮಗಿದು ಹೊಸದೆನಿಸಲಾರದು. ಮುಖ ತೊಳೆಯುವ ಮುಂಚೆ ಹಣೆಯದನ್ನು ಕಿತ್ತು ಕೈಗೆ ಸಿಕ್ಕ ಕಡೆ ಅಂಟಿಸುವುದು, ಆಮೇಲೆ ಮರೆತು ಇನ್ನೊಂದನ್ನು ಹಚ್ಚಿಕೊಳ್ಳುವುದು ಅವಳ ಹಳೆಯ ಚಾಳಿ. ಕನ್ನಡಿಯ ಅಂಚು, ಬಚ್ಚಲಿನ ಗೋಡೆ, ಕಪಾಟಿನ ಬಾಗಿಲು, ಒಮ್ಮೆ ಅಪ್ಪನ ಬೆನ್ನು, ಎಲ್ಲವೂ ಅವಳ ಟಿಕಳಿ ಹೊತ್ತಿವೆ. ಹಾಗಾಗಿ ಕೀಬೋರ್ಡಿನ ಮೇಲಿನ ನಾಲ್ಕನ್ನು ನೋಡಿದಾಗ ನಾನು ಹಣೆ ಚಚ್ಚಿಕೊಂಡೆನೇ ಹೊರತು ಯಾವ ಅಕ್ಷರದ ಮೇಲಿವೆ ಎಂದು ನೋಡಲಿಲ್ಲ. ಫೋಂಡಾ ಹತ್ತಿರದ ಕುಂಡಯಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ದಿನವಿಡೀ ಟೈಪು ಮಾಡುವ ನನಗೆ ಗುಂಡಿಗಳತ್ತ ಕಣ್ಣು ಹಾಯಿಸುವ ಅಭ್ಯಾಸವೇ ಇಲ್ಲ. ಗೊತ್ತಿದೆಯೆಂಬ ಸೊಕ್ಕು ನೋಡಿ, ಕಣ್ಣೆದುರಿನದನ್ನೇ ಕಾಣಗೊಡುವುದಿಲ್ಲ.

ಅವ್ವ ಕಂಪ್ಯೂಟರ್ ಕಲಿಯುತ್ತೇನೆಂದದ್ದು ಅರವತ್ತು ದಾಟಿದ ಮೇಲೆ. ವಿಜಯಪುರದ ಕಡೆಯ ಹಳ್ಳಿಯಿಂದ ಮದುವೆಯಾದ ವರ್ಷವೇ ಅಪ್ಪನ ಹಿಂದೆ ಗೋವೆಗೆ ಬಂದವಳು, ಅಪ್ಪ ಅದಿರಿನ ಲಾರಿ ತುಂಬುತ್ತಿದ್ದ ಕಾಲದಲ್ಲಿ ಅವನ ಪಕ್ಕದಲ್ಲೇ ಬುಟ್ಟಿ ಹೊತ್ತವಳು, ಗಣಿ ನಿಂತ ಮೇಲೆ ಕಟ್ಟಡಗಳಿಗೆ ಸಿಮೆಂಟು ಕಲಸಿದವಳು. ಆ ಕೆಲಸ ಅವಳ ಬೆರಳುಗಳನ್ನು ಎಷ್ಟು ತೇಯ್ದಿದೆಯೆಂದರೆ ಫೋನಿನ ಗಾಜು ಅವಳ ಸ್ಪರ್ಶವನ್ನು ಗುರುತಿಸುವುದೇ ಇಲ್ಲ. ಬೆರಳಿನ ಗೆಣ್ಣಿನಿಂದ ಒತ್ತಿ ನನಗೆ ಕರೆ ಮಾಡುವುದು, ಒತ್ತಿ ಹಿಡಿದು ಮಾತು ಕಳಿಸುವುದು, ಇವೆರಡು ಅವಳಿಗೆ ಬರುತ್ತಿದ್ದವು, ಅಷ್ಟೆ. "ಇದು ನನ್ನ ಮಾತ ಕೇಳೂದಿಲ್ಲ, ನಿನ್ನ ದೊಡ್ಡ ಮಷೀನ ಕಲಸು. ಅದರಾಗ ಗುಂಡಿ ಅದಾವ, ಒತ್ತಿದ್ರ ಒತ್ತೇನಿ ಅಂತ ಗೊತ್ತಾಗತೈತಿ" ಎಂದಳು. ಯಾಕೆ ಬೇಕವ್ವಾ ನಿನಗೆ ಈಗ ಎಂದರೆ, "ಸುಮ್ನ, ಹೊತ್ತು ಹೋಗಬೇಕಲ್ಲ" ಎಂಬ ಉತ್ತರ.

ಗುಂಡಿಗಳ ಮೇಲೆ ಕನ್ನಡ ಅಕ್ಷರದ ಚೀಟಿಗಳನ್ನು ಅಂಟಿಸಿಕೊಟ್ಟೆ. ಮೂರನೆಯ ಇಯತ್ತೆಯವರೆಗೆ ಓದಿದ ಅವ್ವ ಅಕ್ಷರಗಳನ್ನು ಹಳೆಯ ಪರಿಚಯದವರನ್ನು ಗುರುತು ಹಿಡಿಯುವಂತೆ ಒಂದೊಂದಾಗಿ ಗುರುತು ಹಿಡಿದಳು. ಕೈಕಾಲು ತೊಳೆದೇ ಮಷೀನಿನ ಮುಂದೆ ಕೂಡುತ್ತಿದ್ದಳು, ಎದ್ದು ಹೋಗುವಾಗ ಅದಕ್ಕೆ ಕಾಲು ತಾಗದಂತೆ ಸೀರೆ ಎತ್ತಿ ದಾಟುತ್ತಿದ್ದಳು. ನನಗೋ ತಾಳ್ಮೆ ಕಡಿಮೆ. ಒಂದು ಗುಂಡಿಯನ್ನು ಅವಳು ಒತ್ತಿ ಹಿಡಿದೇ ಇದ್ದು ಪರದೆಯ ತುಂಬ ಕಕಕಕಕ ಎಂದು ಸಾಲುಗಟ್ಟಿದಾಗ, "ಬಿಡವ್ವಾ ಬೆರಳ, ಅದೇನು ರೊಟ್ಟಿ ಬಡ್ಯಾಕತ್ತಿ?" ಎಂದು ರೇಗಿದ್ದೇನೆ. ನನ್ನನ್ನು ಬೆಳೆಸುವಾಗ ಇವಳು ಎಷ್ಟು ಸಲ ಹೀಗೆ ರೇಗಿದ್ದಳೆಂದು ನೆನಪಿಸಿಕೊಂಡರೆ ಒಂದೂ ನೆನಪಾಗಲಿಲ್ಲ, ನಾಚಿಕೆಯಾಯಿತು.

ಈ ಕಂಪ್ಯೂಟರ್ ಎಂಬುದಕ್ಕೆ ಒಂದು ಗೀಳಿದೆ, ಗಮನಿಸಿದ್ದೀರಾ? ಸರಕಾರದ ಯಾವ ಅರ್ಜಿಯ ಬಾಗಿಲು ತಟ್ಟಿದರೂ ಅದು ಮೊದಲು ಹೆಸರು ಕೇಳುತ್ತದೆ. ನಿಮ್ಮ ಹೆಸರು, ಹೆಣ್ಣಾದರೆ ಅದರ ಕೆಳಗೇ ಗಂಡನ ಹೆಸರು. ಆ ಎರಡನೆಯ ಖಾನೆಯ ಮುಂದೆ ಅವ್ವ ಪ್ರತಿ ಸಲ ಮುಗ್ಗರಿಸುತ್ತಿದ್ದಳು. ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ, ತಂದರೆ ಅವನ ಆಯುಷ್ಯ ಸವೆಯುತ್ತದೆಂಬ ನಂಬಿಕೆ. ನಲವತ್ತು ವರ್ಷಗಳಲ್ಲಿ ಅವ್ವ ಅಪ್ಪನನ್ನು ಕರೆದದ್ದು "ಏನ್ರೀ" ಎಂದು, ಬೇರೆಯವರ ಮುಂದೆ "ಗಿರಿಜಾನ ಅಪ್ಪ" ಎಂದು. ಗಿರಿಜಾ ಅಂದರೆ ನಾನೇ, ಅಪ್ಪನ ಹೆಸರಿಗೆ ಮುಸುಕಾಗಲೆಂದೇ ಹುಟ್ಟಿದವಳು. ಅಂಥ ಖಾನೆ ಬಂದಾಗ ಅವಳು ರೇಷನ್ ಕಾರ್ಡು ತಂದು ಹೆಸರಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡುತ್ತಿದ್ದಳು. ನಾನು ನಗುತ್ತಾ ಟೈಪು ಮಾಡುತ್ತಿದ್ದೆ. ಆ ನಗುವಿನಲ್ಲಿ ಸ್ವಲ್ಪ ತಿರಸ್ಕಾರವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಇಷ್ಟರಲ್ಲಿ ಅಪ್ಪನಿಗೆ ಮರೆವು ಶುರುವಾಗಿತ್ತು. ಮೊದಲು ಕನ್ನಡಕ, ಆಮೇಲೆ ವಾರ, ಆಮೇಲೆ ಮನೆಯ ದಾರಿ. ಎಂದೋ ನಿಂತುಹೋದ ಕೆಲಸಕ್ಕೆ ಹೊತ್ತಾಯಿತೆಂದು ತಲೆಗೆ ಟವೆಲು ಸುತ್ತಿಕೊಂಡು ಹೊರಟುಬಿಡುತ್ತಿದ್ದ. ಡಾಕ್ಟರು ಇದು ಇಳಿಯುವ ಜಡ್ಡಲ್ಲ ಎಂದಿದ್ದರು. ನಾನು ಕೆಲಸಕ್ಕೆ ಹೋದರೆ ಹಗಲಿಡೀ ಮನೆಯಲ್ಲಿ ಅವರಿಬ್ಬರೇ.

ಒಂದು ಮಧ್ಯಾಹ್ನ ಅವ್ವ ಬಟ್ಟೆ ಒಣಹಾಕಿ ಒಳಗೆ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು, ಅವಳ ಹನ್ನೊಂದು ಕರೆಗಳೂ ಅಲ್ಲಿಯೇ ಬಡಿದುಕೊಂಡು ಸುಮ್ಮನಾದವು. ಸ್ಟೇಷನ್ನಿನವರೆಗೆ ಓಡಿದಳು, ಪೇಟೆ ಸುತ್ತಿದಳು, ಮತ್ತೆ ಮನೆಗೆ ಬಂದು ಗೋವೆಯಲ್ಲಿ ದುಡಿಯುವ ನಮ್ಮ ಕಡೆಯವರ ಫೋನಿನ ಗುಂಪಿಗೆ ಗೆಣ್ಣು ಒತ್ತಿ ಹಿಡಿದು ಮಾತು ಕಳಿಸಿದಳು. ಆ ಧ್ವನಿಯನ್ನು ನಾನಿಂದಿಗೂ ಅಳಿಸಿಲ್ಲ. "ಯಣ್ಣಾಗೋಳ್ರ್ಯಾ, ನಮ್ಮ ಗಿರಿಜಾನ ಅಪ್ಪ ಮನಿ ಬಿಟ್ಟು ಹೋಗ್ಯಾರ. ಬಿಳೆ ಅಂಗಿ, ತಲಿಗೆ ಹಸರ ಟವೆಲ್. ಎಡಗಾಲ ಸ್ವಲ್ಪ ಎಳೀತಾರ. ಅವ್ರಿಗೆ ಏನೂ ನೆನಪಿರಾಂಗಿಲ್ಲ. ಕಂಡ್ರ ಕೈ ಮುಗೀತೇನಿ, ಹಿಡದ ನಿಲ್ಲಸ್ರಿ." ಅಂಗಿಯ ಬಣ್ಣ, ಎಳೆಯುವ ಕಾಲು, ಎಲ್ಲವೂ ಇತ್ತು. ಹೆಸರೊಂದಿರಲಿಲ್ಲ.

ಉತ್ತರ ಬಂದದ್ದು ದಸ್ತಗೀರಣ್ಣನಿಂದ. ಸಿಂದಗಿಯ ಕಡೆಯವನು, ನೀರಿನ ಟ್ಯಾಂಕರ್ ಓಡಿಸುತ್ತಾನೆ, ನಮಗೆ ಅಲ್ಲಿಯವರೆಗೆ ಪರಿಚಯವಿರಲಿಲ್ಲ. ಸಾಂಗೆಯ ದಾರಿಯಲ್ಲಿ ಸಿಕ್ಕಿದ್ದಾರೆಂದು ಫೋಟೋ ಕಳಿಸಿದ. ಹೌದು, ಅಪ್ಪನೇ. ಆದರೆ ಸಿಕ್ಕರೆ ಸಾಲದಲ್ಲ. "ಅಕ್ಕಾರ, ಕೇಳ್ರಿ ಇಲ್ಲೆ. ಅಜ್ಜಾರು ಗಾಡಿ ಹತ್ತವಲ್ರು. ಕೈ ಹಿಡದ್ರ ಕೊಸರಕೊಂಡು ರೋಡಿನ ನಡಬರಕ ಹೊಂಟಾರ, ತಿರುವು ಬ್ಯಾರೆ ಐತಿ, ಗಾಡಿ ಭಾಳ ಜೋರ ಬರ್ತಾವ. ಅಜ್ಜಾ ಅಂದ್ರ ತಿರಗಿ ನೋಡವಲ್ರು. ಅವ್ರ ಹೆಸರೇನ್ರಿ? ಹೆಸರ ಹಿಡದ ಕರದು ನೋಡ್ತೇನಿ. ಲಗೂನ ಹೇಳ್ರಿ."

ಆ ಗಳಿಗೆಯಲ್ಲಿ ಅವ್ವನ ಸ್ಥಿತಿಯನ್ನು ಊಹಿಸಿಕೊಳ್ಳಿ. ಹೇಳದಿದ್ದರೆ ಗಂಡ ಲಾರಿಯ ಕೆಳಗೆ, ಹೇಳಿದರೆ ಅವಳ ನಂಬಿಕೆಯ ಪ್ರಕಾರ ಅವನ ಆಯುಷ್ಯಕ್ಕೇ ಕತ್ತರಿ. ಅಕ್ಕಪಕ್ಕದವರೆಲ್ಲ ಕೆಲಸಕ್ಕೆ ಹೋದ ಹೊತ್ತು. ಬಾಯಿ ತೆರೆದಳಂತೆ, ನಾಲಿಗೆ ಏಳಲಿಲ್ಲವಂತೆ. "ಖರೇ ಹೇಳ್ತೇನಿ, ಬರಲಿಲ್ಲವಾ. ಅಂದುಬಿಡಬೇಕಂತ ಬಾಯಿನೂ ತಗದಿದ್ದೆ" ಎಂದು ಆಮೇಲೆ ಅತ್ತಳು. ಆಗ ಅವಳು ಲ್ಯಾಪ್‌ಟಾಪು ತೆರೆದಳು. ಅದೇ ಗುಂಪು ಅದರಲ್ಲಿಯೂ ತೆರೆದುಕೊಳ್ಳುವಂತೆ ನಾನು ಮಾಡಿಟ್ಟಿದ್ದೆ. ಕೈ ತೊಳೆಯಲಿಲ್ಲ, ಪೇಟೆಯ ಧೂಳಿನ ಕೈಯಲ್ಲೇ ಒತ್ತಿದಳು.

ಸಂಜೆ ಗೇಟಿನಲ್ಲಿ ಫೋನು ಕೈಗೆ ಸಿಕ್ಕಾಗ ನಾನು ಕಂಡದ್ದು ಗುಂಪಿನಲ್ಲಿ ಅವ್ವ ಬರೆದ ಮೊಟ್ಟಮೊದಲ ಶಬ್ದ: ಮಲ್ಲಪ್ಪ. ಅದರ ಕೆಳಗೆ ದಸ್ತಗೀರಣ್ಣನ ಧ್ವನಿ. "ಮಲ್ಲಪ್ಪಣ್ಣಾ ಅಂತ ಒಂದ ಕೂಗ ಹಾಕಿದೆ ನೋಡ್ರಿ ಅಕ್ಕಾರ, ನಿಂತ್ರು. ಹೂಂ ಬಂದ್ನಿ ಅಂತ ಬಂದು ತಾವ ಗಾಡಿ ಹತ್ತಿ ಕುಂತಾರ." ಬಸ್ಸಿನಲ್ಲಿ ಫೋಂಡಾದಿಂದ ಕುಡಚಡೆಯವರೆಗೂ ಅದನ್ನೇ ಕೇಳುತ್ತಾ ಬಂದೆ.

ಮನೆಗೆ ಬಂದು ಮೊದಲ ಸಲ ಕೀಬೋರ್ಡನ್ನು ಕಣ್ಣಿಟ್ಟು ನೋಡಿದೆ. ಒಂದು ಟಿಕಳಿ ಮ ಅಕ್ಷರದ ಮೇಲೆ, ಒಂದು ಲ ಮೇಲೆ, ಒಂದು ಪ ಮೇಲೆ, ನಾಲ್ಕನೆಯದು ಒತ್ತಕ್ಷರ ತರುವ ಗುಂಡಿಯ ಮೇಲೆ. ತಿಂಗಳುಗಟ್ಟಲೆ ಅವಳು ಕಲಿತದ್ದು ಇದೊಂದನ್ನೇ, ಬರೆದು ಅಳಿಸಿ, ಬರೆದು ಅಳಿಸಿ. ಯಾಕವ್ವಾ ಎಂದೆ. "ಅವ್ರು ತಮ್ಮ ಹೆಸರ ತಾವ ಮರೀತಾರ ಅಂತ ನನಗ ಅಂಜಿಕಿ ಇತ್ತು. ಯಾರರ ಒಬ್ರು ಹೇಳಬೇಕಾಗತೈತಿ ಅನಿಸ್ತು. ಬರದ್ರ ಅಂದಂಗ ಆಗೂದಿಲ್ಲಲ್ಲ?" ಎಂದು ನನ್ನನ್ನೇ ಕೇಳಿದಳು. ಆಗೂದಿಲ್ಲವ್ವಾ ಎಂದೆ. ಹೊತ್ತು ಕಳೆಯಲು ಕಲಿಯುತ್ತಿದ್ದಾಳೆಂದು ತಿಳಿದಿದ್ದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಆಮೇಲೆ ಇನ್ನೊಂದು ತೊಡಕು ಬಂತು. "ಏನ್ರೀ" ಎಂದರೆ ಅಪ್ಪ ತಿರುಗುವುದು ನಿಂತುಹೋಯಿತು, ಹೆಸರಿಗೆ ಮಾತ್ರ ಓಗೊಡುತ್ತಿದ್ದ. ಒಂದು ಗುಂಡಿ ಒತ್ತಿದರೆ ಬರೆದದ್ದನ್ನು ಓದಿ ಹೇಳುವಂತೆ ಮಷೀನಿಗೆ ಹಚ್ಚಿಕೊಟ್ಟೆ. ಹೆಣ್ಣಿನ ಧ್ವನಿ ಬೇಕೋ ಗಂಡಿನದೋ ಎಂದರೆ, "ಹೆಣ್ಣಿಂದ ಬ್ಯಾಡ, ಯಾವಾಕಿ ಕರೀತಾಳೋ ಏನೋ" ಎಂದಳು ಅವ್ವ. ಊಟದ ಹೊತ್ತಿಗೆ ಅವಳು ಹೆಸರಿಗೆ ಏಳು ಸಲ, ಆ ಗುಂಡಿಗೆ ಒಂದು ಸಲ ಒತ್ತುವಳು, ಮಷೀನು ತನ್ನ ಒಣ ಗಂಡು ಧ್ವನಿಯಲ್ಲಿ "ಮಲ್ಲಪ್ಪ" ಎನ್ನುವುದು, ಅಪ್ಪ "ಹೂಂ" ಎಂದು ಎದ್ದು ಬರುವನು. ನಾನು ಮತ್ತೆ ನನ್ನ ಶಾಣ್ಯಾತನ ತೋರಿಸಹೋದೆ. ಇಷ್ಟೆಲ್ಲ ಯಾಕೆ, ಒಂದು ಸಲ ನೀನೇ ಕರೆದುಬಿಡು, ಏನೂ ಆಗುವುದಿಲ್ಲ, ಆಗುವುದಿದ್ದರೆ ಬರೆದಾಗಲೇ ಆಗುತ್ತಿತ್ತು ಎಂದು ದಿನವೂ ಹಟ ಹಿಡಿದೆ.

ಕಳೆದ ಭಾನುವಾರ ಲ್ಯಾಪ್‌ಟಾಪು ಆರಿಹೋಗಿತ್ತು, ಚಾರ್ಜಿಗಿಡಲು ಕರೆಂಟಿಲ್ಲ. ಅಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಅವ್ವ ಹೊಸಿಲಲ್ಲಿ ನಿಂತು, ಸೆರಗನ್ನು ಬಾಯಿಗೆ ಹಿಡಿದು, ಕಣ್ಣು ಮುಚ್ಚಿ ಕರೆದಳು, "ಮಲ್ಲಪ್ಪಾ... ಊಟಕ್ಕ ಬರ್ರಿ." ಅಪ್ಪ ತಿರುಗಿದ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಯಾರವಾ ನೀ? ನನ್ನ ಹೆಸರ ಹಿಡದ ಕರ್ಯಾಕತ್ತಿಯಲ್ಲ. ನಮ್ಮ ಮನ್ಯಾಕಿ ಎಂದೂ ನನ್ನ ಹೆಸರ ಹಿಡದಾಕಿ ಅಲ್ಲ, ಗೊತ್ತೈತೇನ?"

ಅವ್ವನನ್ನು ಹಿಡಿದುಕೊಳ್ಳಲೆಂದು ನಾನು ಮುಂದೆ ಬಂದೆ. ಅವಳು ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ನನ್ನ ಕೈ ಗಟ್ಟಿಯಾಗಿ ಹಿಡಿದು, "ಕೇಳಿದೇನ ಗಿರಿಜಾ? ಅವ್ರಿಗೆ ನಾ ಇನ್ನಾ ನೆನಪದೇನಿ" ಎಂದಳು.

ಕರೆಂಟು ಬರುವವರೆಗೆ ಮೂವರೂ ಉಣ್ಣದೆ ಕಾದೆವು. ಬಂದ ಮೇಲೆ ಅವ್ವ ಎಂಟು ಸಲ ಒತ್ತಿದಳು, ಮಷೀನು ಹೆಸರು ಹೇಳಿತು, ಅದರ ಹಿಂದೆಯೇ ಅವಳು "ಏನ್ರೀ, ರೊಟ್ಟಿ ಆರ್ಯಾವ, ಬರ್ರಿ" ಎಂದಳು. ಹೆಸರು ಅದರದು, ರೀ ಇವಳದು. ಅಪ್ಪ ಬಂದು ತಾಟಿನ ಮುಂದೆ ಕುಳಿತ. ಇವತ್ತು ನೋಡಿದರೆ ಕೀಬೋರ್ಡಿನ ಮೇಲೆ ಐದು ಟಿಕಳಿಗಳಿವೆ. ಐದನೆಯದು ಮಷೀನನ್ನು ಮಾತಾಡಿಸುವ ಗುಂಡಿಯ ಮೇಲಿದೆ, ಅದನ್ನು ಅಂಟಿಸಿದವಳು ನಾನು.