ಗರಡಿಯ ಮಣ್ಣು ಹೊರಗೆ ಬಂದ ದಿನ

ಹೊಸಪೇಟೆಯ ಕುಸ್ತಿಯ ಬಗ್ಗೆ ನಾನು ಪತ್ರಿಕೆಗೆ ಕಳಿಸಿದ ವರದಿಗಳಲ್ಲಿ ಒಂದು ತಪ್ಪಿತ್ತು. ಸಂಡೂರಿನ ಕೆಂಪು ಮಣ್ಣಿನಲ್ಲಿ ಈ ಸಲದ ಕುಸ್ತಿ ನಡೆಯಲಿದೆ, ಕಣ ಕುಂಕುಮ ಹಾಸಿದಂತೆ ಕಾಣುತ್ತಿದೆ ಎಂದು ಬರೆದಿದ್ದೆ. ಕಂಡದ್ದನ್ನು ಬರೆದಿದ್ದೆ, ಮುಟ್ಟಿ ನೋಡಿರಲಿಲ್ಲ. ಎರಡು ದಿನ ಬಿಟ್ಟು ಅದಕ್ಕೆ ಎರಡು ಸಾಲಿನ ತಿದ್ದುಪಡಿ ಬಂತು. ಆ ಎರಡು ಸಾಲಿನಲ್ಲಿ ಹಿಡಿಯದೆ ಉಳಿದದ್ದು ಇದು.

ಅದು ಕಬ್ಬಿಣದ ಅದಿರು ಲಾರಿಗಟ್ಟಲೆ ಚೀನಾಕ್ಕೆ ಸಾಗುತ್ತಿದ್ದ ಕಾಲ. ಸಂಡೂರಿನ ರಸ್ತೆಯುದ್ದಕ್ಕೂ ಅದರ ಧೂಳಿಗೆ ಬೇವಿನ ಎಲೆಗಳು ಕೂಡ ಕೆಂಪಾಗಿದ್ದವು. ಕುಸ್ತಿ ಆಡಿಯೇ ಹೊಟ್ಟೆ ಹೊರೆಯುತ್ತಿದ್ದ ಪೈಲ್ವಾನರು ಒಬ್ಬೊಬ್ಬರಾಗಿ ಸ್ಟೇರಿಂಗ್ ಹಿಡಿದರು. ನಮ್ಮ ಓಣಿಯ ಗರಡಿಯಲ್ಲಿ ಬೆಳಿಗ್ಗೆ ಮಣ್ಣಿಗಿಳಿಯುವವರು ಮೂವರೋ ನಾಲ್ವರೋ ಉಳಿದಿದ್ದರು. ಸುತ್ತಲಿನ ಊರುಗಳ ಕುಸ್ತಿ ಕಮಿಟಿಗಳು ಸುಮ್ಮನಾಗಿದ್ದವು. ಹಿಂದಿನ ವರ್ಷ ಜೋಡಿಗಳು ಸಿಗದೆ ನಮ್ಮಲ್ಲೂ ಕುಸ್ತಿ ನಿಂತುಹೋಗಿತ್ತು. ಈ ಸಲವೂ ನಿಂತರೆ ಹೊರಗಿನ ಪೈಲ್ವಾನರು ಇನ್ನು ಹೊಸಪೇಟೆ ಕರೆದರೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗರಡಿ ನಡೆಸುತ್ತಿದ್ದ ಗುರುಗಳನ್ನು ಊರೆಲ್ಲ ವಸ್ತಾದರು ಎನ್ನುತ್ತಿತ್ತು. ಅವರಿಗೆ ಇನ್ನೊಂದು ಚಿಂತೆಯೂ ಇತ್ತು. ಗರಡಿಯ ಕುಣಿಯಲ್ಲಿದ್ದದ್ದು ಅವರ ಗುರುಗಳ ಕಾಲದ ಮಣ್ಣು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿಣ, ನಿಂಬೆರಸ, ಕರ್ಪೂರ ಕಲಸಿ ಕಲಸಿ ಹದ ತಂದಿದ್ದರು. ನಮ್ಮೂರ ಕುಸ್ತಿ ಕಮಿಟಿಯ ಕಾರ್ಯದರ್ಶಿ ಮಾತ್ರ, ಆ ಮಣ್ಣು ತೆಗೆಸಿ ಸಿಮೆಂಟ್ ನೆಲ ಮಾಡಿಸಿ ಜಿಮ್ ಇಡೋಣ ಎಂದು ಎರಡು ವರ್ಷದಿಂದ ಹಿಂದೆ ಬಿದ್ದಿದ್ದರು. ಮಣ್ಣು ಹೊರಗೆ ಹೋದರೆ ಗರಡಿಯೇ ಹೋದಂತೆ ಎಂದು ವಸ್ತಾದರು ಒಪ್ಪಿರಲಿಲ್ಲ.

ಕುಸ್ತಿಯ ದಿನ ಬೆಳಿಗ್ಗೆ ಜೋಡಿಗಳ ಪಟ್ಟಿ ಬರೆದುಕೊಳ್ಳಲು ಮೈದಾನಕ್ಕೆ ಹೋದೆ. ಕೊನೆಯ ದೊಡ್ಡ ಕುಸ್ತಿ ಬೆಳಗಾವಿ ಕಡೆಯ ಹೆಸರಾದ ಪೈಲ್ವಾನನಿಗೂ ನಮ್ಮ ಗರಡಿಯ ಹುಡುಗನಿಗೂ ಇತ್ತು. ನಮ್ಮವನು ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ, ರಜೆ ಸಿಕ್ಕ ದಿನವಷ್ಟೇ ಗರಡಿಗೆ ಬರುತ್ತಿದ್ದ. ಅವನು ಬರಿಗಾಲಲ್ಲಿ ಕಣಕ್ಕಿಳಿದು ಎರಡು ಹೆಜ್ಜೆ ಇಟ್ಟು ನಿಂತ. ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ತೂಗಿ, ಪಕ್ಕದಲ್ಲಿದ್ದ ವಸ್ತಾದರ ಕಡೆ ತಿರುಗಿದ.

"ವಸ್ತಾದರ, ಇದು ಮಣ್ಣಲ್ರಿ. ಫೈನ್ಸು."

"ಹಂಗಂದ್ರ?"

"ಅದಿರಿನ ಪುಡೀರಿ. ಸ್ವಲ್ಪ ಮಣ್ಣು ಕೂಡೇತಿ ಅಷ್ಟ. ದಿನಾ ಇದನ್ನ ಹೊತ್ತು ತಿರಗತೀನಿ, ನನಗ ಗೊತ್ತಾಗಂಗಿಲ್ಲೇನ್ರಿ?"

ವಸ್ತಾದರು ಒಂದು ಹಿಡಿ ಹಿಸುಕಿ ಉಂಡೆ ಕಟ್ಟಲು ನೋಡಿದರು. ಅದು ಬೆರಳ ಸಂದಿಯಿಂದ ಉದುರಿತು. ಹಗ್ಗ ಕಟ್ಟುತ್ತಿದ್ದವನೊಬ್ಬ ಅಲ್ಲಿಂದಲೇ ಕೂಗಿದ: "ಪೈಲ್ವಾನರನ್ನ ಬಸ್ಸಿಗೆ ಹತ್ತಸ್ರಿ, ಕಣಾನ ಚೀನಾಕ್ಕ ಕಳಸ್ರಿ!"

ನಾನೂ ಬಗ್ಗಿ ಮುಟ್ಟಿದೆ. ಉಪ್ಪಿನ ಹರಳಿನಂತೆ ಚುಚ್ಚಿತು. ಅದರಲ್ಲಿ ಕೆಡವಿದರೆ ಬೆನ್ನಿನ ಚರ್ಮ ಉಳಿಯುವುದಿಲ್ಲ. ಬಣ್ಣ ನೋಡಿ ಮಣ್ಣು ಆರಿಸುವ ತಪ್ಪನ್ನು ಆ ಕಾಲದ ಹೊಸಪೇಟೆ ಬಿಟ್ಟು ಬೇರೆ ಊರು ಮಾಡುತ್ತಿರಲಿಲ್ಲ. ನಮಗೆ ಆಗ ಕೆಂಪು ಕಂಡರೆ ಸಾಕಿತ್ತು, ಎಲ್ಲವೂ ಒಳ್ಳೆಯದಾಗಿಯೇ ಕಾಣುತ್ತಿತ್ತು.

ಮಣ್ಣು ಕಳಿಸಿದವರು ಗಣಿಯ ಒಬ್ಬ ಗುತ್ತಿಗೆದಾರರು. ಅಂದಿನ ಮುಖ್ಯ ಅತಿಥಿಯೂ ಅವರೇ, ಚಿಕ್ಕಂದಿನಲ್ಲಿ ಇದೇ ಗರಡಿಯಲ್ಲಿ ಆಡಿದವರು. ಸುದ್ದಿ ಮುಟ್ಟಿ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಬಂದರು.

"ಏನ್ರಿ ವಸ್ತಾದರ, ಒಳ್ಳೇ ಬಣ್ಣ ನೋಡೇ ಕಳಿಸೀನಲ್ರಿ?"

"ಬಣ್ಣ ನೋಡಿ ಸೀರಿ ತರತಾರಲೇ, ಮಣ್ಣು ತರಂಗಿಲ್ಲ. ನೀನೂ ನನ್ನ ಕೈಯಾಗ ಬಿದ್ದೆದ್ದಾಂವ. ಅಂಗಿ ಬಿಚ್ಚು, ಒಮ್ಮಿ ಅಂಗಾತ ಬೀಳು, ನೋಡೂಣು."

ಸುತ್ತ ನಿಂತವರು ನಕ್ಕರು. ಗುತ್ತಿಗೆದಾರರು ನಗಲಿಲ್ಲ. ಅಂಗಿಯ ತೋಳು ಮಡಚಿ, ಕುಕ್ಕರಗಾಲಲ್ಲಿ ಕೂತು, ಮೊಣಕೈಯನ್ನು ಕಣಕ್ಕೆ ಒತ್ತಿ ಉಜ್ಜಿದರು. ಎದ್ದಾಗ ಅಲ್ಲಿ ಗೀರುಗಳಿದ್ದವು.

"ತಪ್ಪಾತ್ರಿ. ಜೆಸಿಬಿ ತರಸ್ತೀನಿ, ಇದನ್ನ ತಗಸ್ತೀನಿ. ಆದ್ರ ಬದ್ಲಿ ಮಣ್ಣು ಎಲ್ಲೈತ್ರಿ?"

ಹೊಲದ ಮಣ್ಣಿನಲ್ಲಿ ಕಲ್ಲಿರುತ್ತದೆ. ಅದನ್ನು ಜರಡಿ ಹಿಡಿದು ಹದ ತರಲು ವಾರಗಳು ಬೇಕು. ವಸ್ತಾದರು ಕೈಗಂಟಿದ್ದ ಪುಡಿ ಕೊಡವಿಕೊಂಡರು. ಆಮೇಲೆ, "ಗರಡೀದು ತರ್ರಿ" ಅಂದರು.

ಯಾರೂ ಅಲುಗಾಡಲಿಲ್ಲ. ಕಾರ್ಯದರ್ಶಿ ಮಾತ್ರ ಮುಂದೆ ಬಂದರು. "ಚಲೋ ಆತ್ ಬಿಡ್ರಿ. ಹೆಂಗೂ ಕುಣಿ ಖಾಲಿ ಆಕ್ಕೈತಿ, ನಾಳೆ ಸಿಮೆಂಟ್ ಹಾಕಾಕ ಗೌಂಡಿಯವರನ್ನ ಕರಸ್ತೀನಿ."

"ಇವತ್ತಿನ ಕುಸ್ತಿ ಮೊದಲು ಆಗ್ಲಿ" ಅಂದರು ವಸ್ತಾದರು, ಅವರ ಮುಖ ನೋಡದೆ.

ಹೊರಗಿನಿಂದ ಬಂದ ಪೈಲ್ವಾನರನ್ನು, ಅವರು ಕಣ ನೋಡುವ ಮೊದಲೇ, ಎರಡು ಆಟೋದಲ್ಲಿ ಹಂಪಿಗೆ ಕಳಿಸಿದರು. ಡ್ರೈವರ್‌ಗೆ ಹೇಳಿದ್ದು ಇಷ್ಟೇ: "ಎಲ್ಲಾ ಗುಡಿ ತೋರಸು. ಜಲ್ದಿ ಕರಕೊಂಡು ಬರಬ್ಯಾಡ." ಅಷ್ಟರಲ್ಲಿ ಕಂಪ್ಲಿಯ ಬಸ್ಸಿನಿಂದ ಆರೇಳು ಜನ ಪೈಲ್ವಾನರು ಇಳಿದರು. ಎಲ್ಲರೂ ಭತ್ತದ ಗದ್ದೆಯಲ್ಲಿ ಕೂಲಿ ಮಾಡುವವರು. ವಿಷಯ ಕೇಳಿ ಚೀಲ ಒಂದು ಕಡೆ ಇಟ್ಟು ಸಲಿಕೆ ಹಿಡಿದರು. ನಾನು ಬರೆದುಕೊಳ್ಳುತ್ತ ನಿಂತದ್ದನ್ನು ಕಂಡು ಅವರಲ್ಲೊಬ್ಬ, "ಪೇಪರ್ನ್ಯಾರ, ಬರಿಯೋದು ಆಮ್ಯಾಲ ಐತಿ, ಬುಟ್ಟಿ ಹಿಡೀರಿ" ಅಂದ. ಹಿಡಿದೆ. ಜೆಸಿಬಿ ಕಣದ ಪುಡಿಯನ್ನು ಬಾಚಿ ತೆಗೆಯಿತು, ಗುತ್ತಿಗೆದಾರರ ಟಿಪ್ಪರ್ ಗರಡಿಯಿಂದ ಮೈದಾನಕ್ಕೆ ಮತ್ತೆ ಮತ್ತೆ ಓಡಿತು. ಮಣ್ಣು ಸುರಿದಾಗ ಮೈದಾನವೆಲ್ಲ ಕರ್ಪೂರ, ನಿಂಬೆಯ ವಾಸನೆ. ಗರಡಿಯಲ್ಲಿ ಬುಡದ ಕಪ್ಪು ನೆಲ ಕಂಡಾಗ ವಸ್ತಾದರು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ಹಂಪಿಯಿಂದ ಬಂದ ಅತಿಥಿಗಳಿಗೆ ಏನೂ ಗೊತ್ತಾಗಲಿಲ್ಲ. ಕಲ್ಲಿನಲ್ಲಿ ಕೆತ್ತಿದ ಪೈಲ್ವಾನರ ಬಗ್ಗೆಯೇ ಅವರ ವಾದ ನಡೆದಿತ್ತು. "ಆ ಎಡಗಡೆಯಾಂವ ಕಾಲು ಹಿಡಿದದ್ದ ತಪ್ಪು. ನಾ ಆಗಿದ್ರ ಅಲ್ಲೇ ಚಿತ್ ಮಾಡ್ತಿದ್ದೆ" ಎಂದು ಬೆಳಗಾವಿ ಕಡೆಯವನು ಹೇಳುತ್ತಿದ್ದ.

ಮಧ್ಯಾಹ್ನ ಕುಸ್ತಿ ಶುರುವಾಯಿತು. ಮೈದಾನ ತುಂಬಿರಲಿಲ್ಲ, ಅರ್ಧದಷ್ಟು ಜನ ಇದ್ದರು. ಕೊನೆಯ ಕುಸ್ತಿಯಲ್ಲಿ ನಮ್ಮ ಲಾರಿಯವನು ಬಹಳ ಹೊತ್ತು ತಡೆದು ನಿಂತ. ಎರಡು ಸಲ ಎದುರಾಳಿಯನ್ನು ಕೆಳಗೆ ತಂದ, ಬೆನ್ನು ಮಾತ್ರ ಮಣ್ಣಿಗೆ ಮುಟ್ಟಿಸಲಾಗಲಿಲ್ಲ. ಕೊನೆಗೆ ಉಸಿರು ಸಾಲದೆ ತಾನೇ ಚಿತ್ತಾದ. ನಾನು ಫಲಿತಾಂಶ ಬರೆದುಕೊಂಡೆ. ಗೆದ್ದವನು ಅವನನ್ನು ಎಬ್ಬಿಸಿ ಅಪ್ಪಿಕೊಂಡ. ಆಮೇಲೆ ಒಂದು ಹಿಡಿ ಮಣ್ಣು ಎತ್ತಿ ಮೂಸಿ, "ಇಂಥಾ ಮಣ್ಣಿನ್ಯಾಗ ಆಡಿ ಭಾಳ ವರ್ಷಾಗಿತ್ತು. ಯಾರ್ರಿ ಹದಾ ಮಾಡಿದವರು?" ಎಂದು ಕೇಳಿದ. ಹತ್ತಾರು ಕೈಗಳು ವಸ್ತಾದರ ಕಡೆ ತೋರಿಸಿದವು. ಅವನು ಹೋಗಿ ಅವರ ಪಾದ ಮುಟ್ಟಿದ. ಇದನ್ನೂ ಬರೆದಿದ್ದೆ. ಜಾಗ ಸಾಲದೆ ಡೆಸ್ಕಿನವರು ತೆಗೆದರು.

ಜನ ಚದುರಿದರು. ಕಾರ್ಯದರ್ಶಿ ಖಾಲಿ ಕುಣಿಯ ಅಳತೆ ಹಿಡಿಯಲು ಟೇಪು ತೆಗೆದುಕೊಂಡು ಗರಡಿಗೆ ಹೋಗಿದ್ದರು. ಮೈದಾನದಲ್ಲಿ ವಸ್ತಾದರು ಒಬ್ಬರೇ ಸಲಿಕೆ ಹಿಡಿದು ಮೊದಲ ಬುಟ್ಟಿ ತುಂಬಿದರು. ಅದನ್ನು ಎತ್ತಿದವನು ಸೋತ ಹುಡುಗ, ಬೆನ್ನನ್ನು ಇನ್ನೂ ಒರೆಸಿಕೊಂಡಿರಲಿಲ್ಲ. ಕಂಪ್ಲಿಯವರು ತಮ್ಮ ಬಸ್ಸನ್ನು ಹೋಗಲು ಬಿಟ್ಟು ಮತ್ತೆ ಸಲಿಕೆ ಹಿಡಿದರು. ಕುಸ್ತಿ ನೋಡಲು ಬಂದಿದ್ದ ಲಾರಿ ಡ್ರೈವರ್‌ಗಳು ಹೊರಟವರು ತಿರುಗಿ ಬಂದರು. ಅವರಲ್ಲಿ ಗರಡಿ ಬಿಟ್ಟು ವರ್ಷಗಳಾದವರೇ ಹೆಚ್ಚು. ಗುತ್ತಿಗೆದಾರರ ಬಿಳಿ ಅಂಗಿ ಅಷ್ಟರಲ್ಲಿ ಯಾವ ಬಣ್ಣದ್ದೆಂದು ಹೇಳುವಂತಿರಲಿಲ್ಲ. ಮೊದಲ ಟಿಪ್ಪರ್ ಗರಡಿಯ ಬಾಗಿಲಿಗೆ ಹಿಮ್ಮುಖವಾಗಿ ಬಂದು ನಿಂತಾಗ ಒಬ್ಬ ಡ್ರೈವರ್ ಒಳಗೆ ಇಣುಕಿ ಕೂಗಿದ: "ಸಾಹೇಬ್ರ, ಬಾಜೂಕ ಸರೀರಿ. ಇಲ್ಲಾಂದ್ರ ನಿಮ್ಮನ್ನೂ ಕೂಡಿಸಿ ಮುಚ್ಚತೀವಿ." ಕಾರ್ಯದರ್ಶಿ ಟೇಪು ಸುತ್ತಿಕೊಂಡು ಹೊರಗೆ ಬಂದರು. ಸಿಮೆಂಟಿನ ಮಾತು ಆಮೇಲೆ ನನ್ನ ಕಿವಿಗೆ ಬೀಳಲಿಲ್ಲ.

ತುಂಬಿದ ಮಣ್ಣು ಅದರ ಮೇಲೆ ಆಡಿ ತುಳಿಯದೆ ಹದವಾಗಿ ಕೂರುವುದಿಲ್ಲ. "ನಾಳೆ ಮುಂಜಾನೆ ಬಂದು ತುಳೀರಿ" ಎಂದಷ್ಟೇ ವಸ್ತಾದರು ಎಲ್ಲರಿಗೂ ಹೇಳಿದ್ದರು. ಮರುದಿನ ಹೋದೆ. ಬಾಗಿಲ ಬಳಿ ಚಪ್ಪಲಿಗಳ ರಾಶಿ. ಹೊಟ್ಟೆ ಬಂದಿದ್ದ ಡ್ರೈವರ್‌ಗಳು ಹಳೆಯ ಲಂಗೋಟಿ ಬಿಗಿದು, ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತ ಗೋಡೆಗೆ ಆತು ನಿಂತಿದ್ದರು. ಕುಣಿಯಲ್ಲಿ ಒಂದು ಸಲಕ್ಕೆ ಎರಡು ಜೋಡಿಗಷ್ಟೇ ಜಾಗ. ನಮ್ಮ ಗರಡಿಯಲ್ಲಿ ಸರದಿಗಾಗಿ ಜನ ಕಾಯುವುದನ್ನು ಎಷ್ಟೋ ವರ್ಷದ ಮೇಲೆ ನೋಡಿದೆ.